ಶಿಖರಕ್ಕಿಂತ ಹಿರಿದು ಮರಳುವ ದಾರಿ

ಹಣ ತೆತ್ತು, ಮಾರ್ಗದರ್ಶಕರೊಡನೆ ಎವರೆಸ್ಟ್ ಏರುವ ಅವಕಾಶ ಇಂದು ಹಲವರಿಗೆ ಒದಗಿದೆ. ಆದರೆ 8,848 ಮೀಟರ್ ಎತ್ತರದ ಆ ಶಿಖರದಲ್ಲಿ ನಮ್ಮ ಉಸಿರಿಗೆ ದೊರಕುವ ಆಮ್ಲಜನಕವು ಸಮುದ್ರತೀರದಲ್ಲಿ ಸಿಗುವುದರ ಮೂರನೆಯ ಒಂದು ಪಾಲು ಮಾತ್ರ. 1996ರ ಮೇ 10ರಂದು ಮಧ್ಯಾಹ್ನ ಎರಡು ಗಂಟೆ ಕಳೆದ ಮೇಲೂ ಹಲವರು ಏರುತ್ತಲೇ ಇದ್ದರು. ಬಿರುಗಾಳಿ ಎರಗಿತು, ಎಂಟು ಮಂದಿ ಮಡಿದರು. ಅನುಭವಿ ಮಾರ್ಗದರ್ಶಕರಾದ ರಾಬ್ ಹಾಲ್, ಸ್ಕಾಟ್ ಫಿಷರ್ ಇಬ್ಬರೂ ಅವರಲ್ಲಿದ್ದರು. 2014ರ ಏಪ್ರಿಲ್ 18ರಂದು ಖುಂಬುವಿನಲ್ಲಿ ಹಿಮ ಕುಸಿದು, ಪರರ ಆರೋಹಣಕ್ಕಾಗಿ ದುಡಿಯುತ್ತಿದ್ದ 16 ಮಂದಿ ನೇಪಾಳಿಗಳು ಅಸುನೀಗಿದರು.

ಆದುದರಿಂದ ತಂಡ ಸೇರುವ ಮುನ್ನ ನಾವು ವಿಚಾರಿಸಬೇಕಾದುದು ಶುಲ್ಕವನ್ನಷ್ಟೇ ಅಲ್ಲ. ಹಿಂದಿರುಗುವ ಗಂಟೆ ಯಾವುದು? ಹೊರೆ ಹೊರುವವರ ಕುಟುಂಬಗಳಿಗೆ ವಿಮೆಯ ಆಸರೆಯಿದೆಯೇ? ಶಿಖರವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಮನೆಯವರು ಕಾಯುವುದು ನಮ್ಮ ಮರಳುವಿಕೆಯನ್ನು.