ಮೊದಲು ‘ಮಾಸ್ಕ್ ಬೇಡ’, ಆಮೇಲೆ ‘ಮಾಸ್ಕ್ ಕಡ್ಡಾಯ’: ಅಂದು ನಮಗೆ ಸುಳ್ಳು ಹೇಳಿದರೇ?

2025ರ ಜನವರಿ ಮೊದಲ ವಾರದಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಎಚ್‌ಎಂಪಿವಿ ವೈರಸ್ ಪತ್ತೆಯಾಯಿತು ಎಂಬ ಸುದ್ದಿ ಬಂದಾಗ ನಮ್ಮ ಮೊಬೈಲ್‌ಗಳಿಗೆ ಎರಡು ಬಗೆಯ ಸಂದೇಶಗಳು ಬರತೊಡಗಿದವು. ಈಗಲೇ ಮಾಸ್ಕ್ ತಂದಿಟ್ಟುಕೊಳ್ಳಿ, ಮುಂದೆ ಸಿಗುವುದಿಲ್ಲ ಎಂದು ಒಂದು ಹೇಳುತ್ತಿತ್ತು. 2020ರಲ್ಲಿ ಮೊದಲು ಮಾಸ್ಕ್ ಬೇಡ ಅಂದರು, ಆಮೇಲೆ ಹಾಕದಿದ್ದರೆ ದಂಡ ಅಂದರು, ಎಲ್ಲವೂ ನಾಟಕ, ಈ ಸಲ ನಂಬಬೇಡಿ ಎಂದು ಇನ್ನೊಂದು ಹೇಳುತ್ತಿತ್ತು.

ಎಚ್‌ಎಂಪಿವಿ ಹೊಸ ವೈರಸ್ ಅಲ್ಲ. ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಅದನ್ನು 2001ರಲ್ಲೇ ಗುರುತಿಸಿದ್ದರು. ಅದರ ಗಾಬರಿ ಕೆಲವೇ ದಿನಗಳಲ್ಲಿ ತಣ್ಣಗಾಯಿತು. ಆದರೆ ಎರಡನೆಯ ಸಂದೇಶ ಇಂದಿಗೂ ಓಡಾಡುತ್ತಿದೆ. ಅದರಲ್ಲಿ ಅರ್ಧ ಸತ್ಯ ಇರುವುದರಿಂದಲೇ ಜನ ಅದನ್ನು ನಂಬುತ್ತಾರೆ. ಸಲಹೆ ಬದಲಾದದ್ದು ನಿಜ. ಯಾಕೆ ಬದಲಾಯಿತು ಎಂಬುದನ್ನು ಮಾತ್ರ ಆ ಸಂದೇಶ ಹೇಳುವುದಿಲ್ಲ. ಅದನ್ನು ನಾವಿಲ್ಲಿ ಬಿಡಿಸಿ ನೋಡೋಣ.

ಆಗ ನಡೆದದ್ದೇನು?

ಭಾರತದಲ್ಲಿ ಕೋವಿಡ್‌ನ ಮೊದಲ ಪ್ರಕರಣ ಪತ್ತೆಯಾದದ್ದು 2020ರ ಜನವರಿ 30ರಂದು, ಕೇರಳದಲ್ಲಿ. ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅವರಿಗೆ ಕೋವಿಡ್ ಇತ್ತೆಂದು ಎರಡು ದಿನಗಳ ನಂತರ ಖಚಿತವಾಯಿತು. ಅದು ದೇಶದ ಮೊದಲ ಕೋವಿಡ್ ಸಾವು. ಮೆಡಿಕಲ್ ಶಾಪ್‌ಗಳ ಮುಂದೆ ಜನ ಮುಗಿಬಿದ್ದರು. ಮಾರ್ಚ್ 13ರಂದು ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಸರ್‌ಗಳನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. ಮರುವಾರವೇ ಬೆಲೆಗೆ ಮಿತಿ ಹಾಕಿತು: ಎರಡು ಪದರದ ಮಾಸ್ಕ್‌ಗೆ 8 ರೂಪಾಯಿ, ಮೂರು ಪದರದ್ದಕ್ಕೆ 10 ರೂಪಾಯಿ.

ಆ ದಿನಗಳಲ್ಲಿ ಆರೋಗ್ಯ ಸಚಿವಾಲಯದ ಸಲಹೆ ಹೀಗಿತ್ತು: ಕೆಮ್ಮು, ಜ್ವರ ಇದ್ದವರು, ರೋಗಿಯ ಆರೈಕೆ ಮಾಡುವವರು ಮತ್ತು ಆಸ್ಪತ್ರೆ ಸಿಬ್ಬಂದಿ ಮಾಸ್ಕ್ ಹಾಕಿಕೊಳ್ಳಲಿ, ಉಳಿದವರಿಗೆ ಅಗತ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತಿತ್ತು. ಏಪ್ರಿಲ್ ಮೊದಲ ವಾರದಲ್ಲಿ, ಮನೆಯಲ್ಲೇ ಹೊಲಿದ ಬಟ್ಟೆಯ ಮಾಸ್ಕ್ ಎಲ್ಲರೂ ಹಾಕಿಕೊಳ್ಳಿ ಎಂದು ನಮ್ಮ ಸಚಿವಾಲಯ ಹೇಳಿತು. ಏಪ್ರಿಲ್ 15ರ ಕೇಂದ್ರ ಗೃಹ ಸಚಿವಾಲಯದ ಆದೇಶದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚಿಕೊಳ್ಳುವುದು ಕಡ್ಡಾಯವಾಯಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆ ಬದಲಿಸಿದ್ದು ಜೂನ್ 5ರಂದು.

‘ಬೇಡ’ದಿಂದ ‘ಕಡ್ಡಾಯ’ಕ್ಕೆ ಬರಲು ನಮ್ಮಲ್ಲಿ ಸುಮಾರು ಒಂದು ತಿಂಗಳು ಹಿಡಿಯಿತು. ಇದರ ಹಿಂದೆ ಮೂರು ಬೇರೆ ಬೇರೆ ಕಾರಣಗಳಿದ್ದವು.

ಕಾರಣ 1: ಇದ್ದ ಮಾಸ್ಕ್ ಸಾಲುತ್ತಿರಲಿಲ್ಲ

ಆಗ ಜಗತ್ತಿನ ಮಾಸ್ಕ್‌ಗಳಲ್ಲಿ ಸುಮಾರು ಅರ್ಧ ತಯಾರಾಗುತ್ತಿದ್ದುದು ಚೀನಾದಲ್ಲಿ. ರೋಗ ಮೊದಲು ಕಾಣಿಸಿದ್ದೂ ಅಲ್ಲೇ. ವೈದ್ಯರು ಮತ್ತು ನರ್ಸ್‌ಗಳಿಗೇ ತಿಂಗಳಿಗೆ 8.9 ಕೋಟಿ ಮಾಸ್ಕ್ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ 3ರಂದು ಅಂದಾಜಿಸಿತು. ಅಷ್ಟರಲ್ಲಾಗಲೇ ಸರ್ಜಿಕಲ್ ಮಾಸ್ಕ್ ಬೆಲೆ ಆರು ಪಟ್ಟು ಏರಿತ್ತು. ಇರುವ ಮಾಸ್ಕ್ ಮೊದಲು ಆಸ್ಪತ್ರೆಗೆ ಹೋಗಲಿ ಎಂಬ ಉದ್ದೇಶ ಸರಿಯಾಗಿಯೇ ಇತ್ತು.

ಎಡವಟ್ಟಾದದ್ದು ಅದನ್ನು ಹೇಳಿದ ರೀತಿಯಲ್ಲಿ. ಅಮೆರಿಕದ ಸರ್ಜನ್ ಜನರಲ್ ಜೆರೋಮ್ ಆಡಮ್ಸ್ ಫೆಬ್ರವರಿ 29ರಂದು ಟ್ವೀಟ್ ಮಾಡಿ, ಮಾಸ್ಕ್ ಕೊಳ್ಳುವುದನ್ನು ನಿಲ್ಲಿಸಿ, ಸಾಮಾನ್ಯ ಜನರಿಗೆ ಅದರಿಂದ ಪ್ರಯೋಜನವಿಲ್ಲ ಎಂದರು. ಅದೇ ಟ್ವೀಟ್‌ನಲ್ಲಿ, ಆರೋಗ್ಯ ಸಿಬ್ಬಂದಿಗೆ ಮಾಸ್ಕ್ ಸಿಗದಿದ್ದರೆ ಎಲ್ಲರಿಗೂ ಅಪಾಯ ಎಂದೂ ಹೇಳಿದರು. ಕೆಲಸಕ್ಕೆ ಬಾರದ ವಸ್ತು ಡಾಕ್ಟರಿಗೆ ಯಾಕೆ ಬೇಕು ಎಂದು ಜನ ಕೇಳಿದ್ದು ಸಹಜ.

‘ಮಾಸ್ಕ್ ಕಡಿಮೆ ಇದೆ, ಮೊದಲು ಆಸ್ಪತ್ರೆಗೆ ಬಿಡಿ’ ಎನ್ನುವುದು ದಾಸ್ತಾನಿನ ಮಾತು. ‘ಮಾಸ್ಕ್‌ನಿಂದ ಉಪಯೋಗವಿಲ್ಲ’ ಎನ್ನುವುದು ವಿಜ್ಞಾನದ ಮಾತು. ಮೊದಲನೆಯದನ್ನು ಹೇಳಬೇಕಾದಲ್ಲಿ ಎರಡನೆಯದನ್ನು ಹೇಳಿದ್ದರಿಂದ ಹೋದ ನಂಬಿಕೆ ಇನ್ನೂ ಪೂರ್ತಿ ಮರಳಿಲ್ಲ.

ಕಾರಣ 2: ಲಕ್ಷಣ ಇಲ್ಲದವರೂ ಹರಡುತ್ತಾರೆಂದು ಗೊತ್ತಿರಲಿಲ್ಲ

2003ರ ಸಾರ್ಸ್ ರೋಗ ಹೆಚ್ಚಾಗಿ ಹರಡುತ್ತಿದ್ದುದು ಲಕ್ಷಣಗಳು ಕಾಣಿಸಿಕೊಂಡ ನಂತರ. ಕೋವಿಡ್ ಕೂಡ ಅದೇ ಕುಟುಂಬದ ವೈರಸ್‌ನಿಂದ ಬಂದದ್ದು. ಹಾಗಾಗಿ ಇಲ್ಲೂ ಹಾಗೆಯೇ ಇರಬಹುದು ಎಂದು ಭಾವಿಸಿದರು. ವಿಮಾನ ನಿಲ್ದಾಣಗಳಲ್ಲಿ ಹಣೆಗೆ ಥರ್ಮಾಮೀಟರ್ ಹಿಡಿದದ್ದು ಈ ಲೆಕ್ಕಾಚಾರದ ಮೇಲೆಯೇ. ಕೆಮ್ಮುವವರು ಹಾಕಿಕೊಂಡರೆ ಸಾಕು ಎಂಬ ಸಲಹೆಯೂ ಅಲ್ಲಿಂದಲೇ ಬಂತು.

ಈ ಲೆಕ್ಕ ತಪ್ಪೆಂದು ತೋರಿಸಿದ ಪ್ರಕರಣಗಳಲ್ಲಿ ಒಂದು ಡೈಮಂಡ್ ಪ್ರಿನ್ಸೆಸ್ ಹಡಗಿನದು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ತಡೆಹಿಡಿಯಲಾದ ಆ ಹಡಗಿನಲ್ಲಿ 3711 ಜನರಿದ್ದರು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಭಾರತೀಯರು. ಸುಮಾರು 700 ಜನರಿಗೆ ಸೋಂಕು ತಗುಲಿತು. ಪರೀಕ್ಷೆ ಮಾಡಿದ ಹೊತ್ತಿನಲ್ಲಿ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಯಾವ ಲಕ್ಷಣವೂ ಇರಲಿಲ್ಲ. ಜ್ವರ ಬರುವ ಒಂದೆರಡು ದಿನ ಮೊದಲೇ ಸೋಂಕಿತರು ವೈರಸ್ ಹರಡಬಲ್ಲರು ಎಂಬುದೂ ಮುಂದೆ ಸ್ಪಷ್ಟವಾಯಿತು. ಯಾರಿಗೆ ಸೋಂಕಿದೆ ಎಂದು ನೋಡಿದರೆ ತಿಳಿಯದು ಎಂದಮೇಲೆ, ರೋಗ ಇದ್ದವರಷ್ಟೇ ಮಾಸ್ಕ್ ಹಾಕಲಿ ಎಂಬ ಸಲಹೆಗೆ ಅರ್ಥ ಉಳಿಯಲಿಲ್ಲ.

ಕಾರಣ 3: ಗಾಳಿಯಲ್ಲಿ ಹರಡುವುದನ್ನು ಒಪ್ಪಿಕೊಳ್ಳಲು ತಡವಾಯಿತು

ಕೆಮ್ಮಿದಾಗ ಸಿಡಿಯುವ ದೊಡ್ಡ ಹನಿಗಳಿಂದ ಮತ್ತು ಮುಟ್ಟಿದ ಜಾಗಗಳಿಂದ ರೋಗ ಹರಡುತ್ತದೆ ಎಂದು ಮೊದಲು ಹೇಳಲಾಯಿತು. ನಾವೆಲ್ಲ ಹಾಲಿನ ಪ್ಯಾಕೆಟ್, ತರಕಾರಿ ತೊಳೆದದ್ದು ಅದಕ್ಕೇ. ಕೋವಿಡ್ ಗಾಳಿಯಲ್ಲಿ ಹರಡುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ 28ರಂದು ಖಡಾಖಂಡಿತವಾಗಿ ಟ್ವೀಟ್ ಮಾಡಿತ್ತು. ಆ ಮಾತು ತಪ್ಪಾಗಿತ್ತು.

ಅದಕ್ಕೂ ಮೊದಲೇ, ಮಾರ್ಚ್ 10ರಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ ಒಂದು ಗಾಯನ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತ್ತು. ಬಂದಿದ್ದ 61 ಜನರಲ್ಲಿ 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಮುಚ್ಚಿದ ಕೋಣೆಯ ಗಾಳಿಯಲ್ಲಿ ಸಣ್ಣ ಹನಿಗಳು ಬಹಳ ಹೊತ್ತು ತೇಲುತ್ತವೆ ಎಂಬುದಕ್ಕೆ ಇಂಥ ಪುರಾವೆಗಳು ಕೂಡುತ್ತ ಹೋದವು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಸ್ಪಷ್ಟ ಮಾತಿನಲ್ಲಿ ಹೇಳಿದ್ದು 2021ರಲ್ಲಿ.

ಹಾಗಾದರೆ ಮಾಸ್ಕ್ ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ಎಷ್ಟು ಎಂಬುದು ಯಾವ ಮಾಸ್ಕ್, ಹೇಗೆ ಹಾಕಿದ್ದೀರಿ, ಸುತ್ತ ಎಷ್ಟು ಜನ ಹಾಕಿದ್ದಾರೆ ಎಂಬುದನ್ನು ಅವಲಂಬಿಸಿದೆ.

ವೈರಸ್ ಮಾಸ್ಕ್‌ನ ರಂಧ್ರಕ್ಕಿಂತ ಚಿಕ್ಕದು, ಸೊಳ್ಳೆ ತಡೆಯಲು ಕಬ್ಬಿಣದ ಗೇಟ್ ಹಾಕಿದಂತೆ ಎಂಬ ಮಾತನ್ನು ನೀವೂ ಕೇಳಿರಬಹುದು. ಕೊರೊನಾ ವೈರಸ್‌ನ ಗಾತ್ರ ಸುಮಾರು 0.1 ಮೈಕ್ರಾನ್ ಎಂಬುದು ನಿಜ. ಆದರೆ ಅದು ಒಂಟಿಯಾಗಿ ಹಾರಾಡುವುದಿಲ್ಲ. ಬಾಯಿ ಮೂಗಿನಿಂದ ಹೊರಬರುವ ಹನಿಗಳ ಜೊತೆ ಬರುತ್ತದೆ. ಮಾಸ್ಕ್ ಕೂಡ ಹಿಟ್ಟಿನ ಜರಡಿಯಂತೆ ಬರೀ ಗಾತ್ರ ನೋಡಿ ಸೋಸುವುದಿಲ್ಲ. ಅದರ ಎಳೆಗಳು ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತವೆ. ದೊಡ್ಡ ಕಣಗಳು ತಿರುವಿನಲ್ಲಿ ತಿರುಗಲಾರದೆ ಎಳೆಗೆ ಬಡಿದು ನಿಲ್ಲುತ್ತವೆ. ತೀರಾ ಸಣ್ಣ ಕಣಗಳು ಗಾಳಿಯ ಅಣುಗಳ ಹೊಡೆತಕ್ಕೆ ಅತ್ತಿತ್ತ ಓಲಾಡುತ್ತ ಯಾವುದೋ ಎಳೆಗೆ ಅಂಟಿಕೊಳ್ಳುತ್ತವೆ. ಸರ್ಜಿಕಲ್ ಮತ್ತು ಎನ್95 ಮಾಸ್ಕ್‌ನ ನಡುವಿನ ಪದರದಲ್ಲಿ ಸ್ಥಾಯಿ ವಿದ್ಯುತ್ ಕೂಡ ಇರುತ್ತದೆ. ಬಾಚಣಿಗೆ ಕಾಗದದ ಚೂರನ್ನು ಎಳೆದುಕೊಳ್ಳುವಂತೆ ಅದು ಕಣಗಳನ್ನು ಸೆಳೆಯುತ್ತದೆ. ಹಿಡಿಯಲು ಅತಿ ಕಷ್ಟವಾದದ್ದು ಸುಮಾರು 0.3 ಮೈಕ್ರಾನ್‌ನ ಕಣ. ಎನ್95 ಅಂಥ ಕಣಗಳಲ್ಲೇ ಕನಿಷ್ಠ 95 ಶೇಕಡಾ ತಡೆಯಬೇಕು ಎಂಬುದು ಅದರ ಹೆಸರಿನ ಅರ್ಥ. ಸೋಪು ಹಾಕಿ ತೊಳೆದರೆ ಈ ವಿದ್ಯುತ್ ಹೋಗುತ್ತದೆ. ಹಾಗಾಗಿ ಎನ್95 ಅನ್ನು ತೊಳೆಯಬಾರದು.

ಮಾತಾಡುವವರು ಮಾಸ್ಕ್ ಹಾಕಿದ್ದರೆ ಹೆಚ್ಚು ಲಾಭ. ಬಾಯಿಂದ ಹೊರಟ ಕ್ಷಣದಲ್ಲಿ ಹನಿ ದೊಡ್ಡದಾಗಿರುತ್ತದೆ, ಹಿಡಿಯುವುದು ಸುಲಭ. ಗಾಳಿಗೆ ಬಂದಮೇಲೆ ನೀರು ಆವಿಯಾಗಿ ಅದು ಚಿಕ್ಕದಾಗುತ್ತದೆ.

ಜನರ ನಡುವೆ ನಡೆದ ದೊಡ್ಡ ಪ್ರಯೋಗ ನಮ್ಮ ಪಕ್ಕದ ಬಾಂಗ್ಲಾದೇಶದ್ದು. 600 ಹಳ್ಳಿಗಳ ಸುಮಾರು 3.4 ಲಕ್ಷ ಜನರನ್ನು ಒಳಗೊಂಡ ಈ ಪ್ರಯೋಗದಲ್ಲಿ ಅರ್ಧ ಹಳ್ಳಿಗಳಿಗೆ ಉಚಿತ ಮಾಸ್ಕ್ ಕೊಟ್ಟು, ಹಾಕಿಕೊಳ್ಳಲು ಪ್ರೋತ್ಸಾಹಿಸಲಾಯಿತು. ಮಾಸ್ಕ್ ಬಳಕೆ ಶೇ. 13ರಷ್ಟಿದ್ದದ್ದು ಶೇ. 42ಕ್ಕೆ ಏರಿತು. ಲಕ್ಷಣವಿದ್ದು ರಕ್ತಪರೀಕ್ಷೆಯಲ್ಲೂ ಖಚಿತವಾದ ಕೋವಿಡ್ ಸುಮಾರು ಶೇ. 9ರಷ್ಟು ಇಳಿಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಇಳಿಕೆ ಶೇ. 11. ಅದೇ ಹಳ್ಳಿಗಳ 60 ದಾಟಿದವರಲ್ಲಿ ಶೇ. 35. ಬಟ್ಟೆಯ ಮಾಸ್ಕ್‌ನ ಫಲ ಇಷ್ಟು ಸ್ಪಷ್ಟವಾಗಿರಲಿಲ್ಲ. ಹತ್ತರಲ್ಲಿ ನಾಲ್ವರಷ್ಟೇ ಹಾಕಿಕೊಂಡಾಗ ಸಿಕ್ಕ ಲಾಭ ಇದು ಎಂಬುದನ್ನು ನೆನಪಿಡಿ.

ಇದಕ್ಕೆ ವಿರುದ್ಧವಾಗಿ ಡೆನ್ಮಾರ್ಕ್‌ನ ಅಧ್ಯಯನವನ್ನು ತೋರಿಸುವವರಿದ್ದಾರೆ. 2020ರಲ್ಲಿ ಸುಮಾರು 6000 ಜನರ ಮೇಲೆ ನಡೆದ ಅದರಲ್ಲಿ ಮಾಸ್ಕ್ ಸಲಹೆ ಪಡೆದವರಲ್ಲಿ ಶೇ. 1.8, ಪಡೆಯದವರಲ್ಲಿ ಶೇ. 2.1 ಮಂದಿಗೆ ಸೋಂಕಾಯಿತು. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ಆದರೆ ಅಲ್ಲಿ ಸುತ್ತಲಿನವರು ಮಾಸ್ಕ್ ಹಾಕಿರಲಿಲ್ಲ. ಹಾಕಿಕೊಂಡವರಿಗೆ ರಕ್ಷಣೆ ಸಿಗುವುದೇ ಎಂದಷ್ಟೇ ಅದು ನೋಡಿತ್ತು, ಇತರರಿಗೆ ಹರಡುವುದು ತಪ್ಪುತ್ತದೆಯೇ ಎಂದು ನೋಡಿರಲಿಲ್ಲ. 2023ರ ಕಾಕ್ರೇನ್ ವರದಿಯ ಹೆಸರಲ್ಲೂ ‘ಮಾಸ್ಕ್ ವ್ಯರ್ಥ’ ಎಂಬ ಸಂದೇಶ ಹರಡಿತು. ಹಾಗೆ ಅರ್ಥ ಮಾಡಿಕೊಳ್ಳುವುದು ತಪ್ಪು, ಇದ್ದ ಪುರಾವೆಯಿಂದ ತೀರ್ಮಾನಕ್ಕೆ ಬರಲಾಗದು ಎಂದಷ್ಟೇ ವರದಿಯ ಅರ್ಥ ಎಂದು ಕಾಕ್ರೇನ್‌ನ ಪ್ರಧಾನ ಸಂಪಾದಕಿಯೇ ಸ್ಪಷ್ಟಪಡಿಸಿದರು.

ಮತ್ತೆ ಮತ್ತೆ ಬರುವ ಮೂರು ಫಾರ್ವರ್ಡ್‌ಗಳು

‘ಕಾಯಿಲೆ ಇದ್ದರೆ ಬಣ್ಣದ ಬದಿ ಹೊರಗೆ, ಇಲ್ಲದಿದ್ದರೆ ಬಿಳಿ ಬದಿ ಹೊರಗೆ.’ ಸುಳ್ಳು. ಸರ್ಜಿಕಲ್ ಮಾಸ್ಕ್‌ನ ಬಣ್ಣದ ಬದಿ ಯಾವಾಗಲೂ ಹೊರಗಿರಬೇಕು. ಅದು ತೇವ ಒಳಗೆ ಬಾರದಂತೆ ತಡೆಯುತ್ತದೆ. ಒಳಗಿನ ಬಿಳಿ ಪದರ ಉಸಿರಿನ ತೇವ ಹೀರುತ್ತದೆ. ತಂತಿ ಇರುವ ಅಂಚು ಮೂಗಿನ ಮೇಲಿರಬೇಕು.

‘ಮಾಸ್ಕ್ ಹಾಕಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ.’ ಸುಳ್ಳು. ಈ ಅನಿಲಗಳ ಅಣುಗಳು ವೈರಸ್‌ಗಿಂತ ನೂರಾರು ಪಟ್ಟು ಚಿಕ್ಕವು, ಮಾಸ್ಕ್ ಅವುಗಳನ್ನು ತಡೆಯುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು ಗಂಟೆಗಟ್ಟಲೆ ಮಾಸ್ಕ್‌ನಲ್ಲೇ ನಿಂತಿರುತ್ತಾರೆ. ಸೆಖೆ, ಕಿರಿಕಿರಿ ಆಗುವುದು ನಿಜ. ಉಬ್ಬಸದಂಥ ತೊಂದರೆ ಇರುವವರು ವೈದ್ಯರನ್ನು ಕೇಳಲಿ. ಎರಡು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಹಾಕಬಾರದು.

‘ವಾಲ್ವ್ ಇರುವ ಎನ್95 ಎಲ್ಲಕ್ಕಿಂತ ಒಳ್ಳೆಯದು.’ ಅರ್ಧ ಸತ್ಯ. ಒಳಗೆ ಬರುವ ಗಾಳಿಯನ್ನು ಅದು ಸೋಸುತ್ತದೆ. ಹೊರಹೋಗುವ ಉಸಿರು ವಾಲ್ವ್ ಮೂಲಕ ಸೋಸದೆ ಹೊರಬೀಳುತ್ತದೆ. ಸೋಂಕು ಹರಡುವುದನ್ನು ಇದು ತಡೆಯುವುದಿಲ್ಲ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2020ರ ಜುಲೈನಲ್ಲೇ ರಾಜ್ಯಗಳಿಗೆ ಎಚ್ಚರಿಸಿತ್ತು.

ಜನ ನಡೆದುಕೊಂಡ ರೀತಿ

ಹಾಂಗ್‌ಕಾಂಗ್‌ನ ಜನ 2020ರ ಜನವರಿಯಲ್ಲೇ, ಯಾವ ಆದೇಶಕ್ಕೂ ಕಾಯದೆ ಮಾಸ್ಕ್ ಹಾಕಿಕೊಂಡರು. 2003ರ ಸಾರ್ಸ್‌ನಲ್ಲಿ ಅಲ್ಲಿ 299 ಜನ ತೀರಿಕೊಂಡಿದ್ದರು, ಆ ನೆನಪು ಅವರಿಗಿತ್ತು. ನಮಗೆ ಅಂಥ ನೆನಪಿರಲಿಲ್ಲ. ಮಾಸ್ಕ್ ಹಾಕಿದವರನ್ನು ಕಂಡರೆ ‘ಇವರಿಗೇನೋ ಇದೆ’ ಎಂದು ದೂರ ಸರಿಯುತ್ತಿದ್ದೆವು. ಕೆಲವೇ ವಾರಗಳಲ್ಲಿ ಹಾಕದವರನ್ನು ದುರುಗುಟ್ಟಿ ನೋಡತೊಡಗಿದೆವು.

ಹೆದರಿಕೆ ಅಲ್ಲಿಗೇ ನಿಲ್ಲಲಿಲ್ಲ. ಈಶಾನ್ಯ ರಾಜ್ಯಗಳವರನ್ನು ಮುಖ ನೋಡಿ ‘ಕೊರೊನಾ’ ಎಂದು ಕರೆದ ಪ್ರಕರಣಗಳು ದೇಶದ ಹಲವೆಡೆ ನಡೆದವು. 2020ರ ಮಾರ್ಚ್ ಕೊನೆಯಲ್ಲಿ ಮೈಸೂರಿನ ಸೂಪರ್ ಮಾರ್ಕೆಟ್ ಒಂದರಲ್ಲಿ ನಾಗಾಲ್ಯಾಂಡ್‌ನ ಯುವಕರಿಗೆ ದಿನಸಿ ಕೊಳ್ಳಲು ಒಳಗೆ ಬಿಡದಿದ್ದದ್ದು ಸುದ್ದಿಯಾಯಿತು. ಇನ್ನೊಂದು ಕಡೆ, ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ಕೂತು ಊರಿಗೆಲ್ಲ ಸಾಕಾಗುವಷ್ಟು ಮಾಸ್ಕ್ ಹೊಲಿದದ್ದೂ ಅದೇ ದಿನಗಳಲ್ಲಿ.

ಮುಂದಿನ ಸಲ ಏನು ಮಾಡಬೇಕು?

ಹೊಸ ಸೋಂಕಿನ ಸುದ್ದಿ ಮತ್ತೆ ಬರುತ್ತದೆ. ಆಗ ಮಾಸ್ಕ್ ಕುರಿತ ಸಂದೇಶ ಕೈಗೆ ಸಿಕ್ಕಾಗ ಮೂರು ಪ್ರಶ್ನೆ ಕೇಳಿಕೊಳ್ಳೋಣ.

ಒಂದು, ಈ ಮಾತು ಮಾಸ್ಕ್‌ನ ಕೊರತೆಯ ಬಗ್ಗೆಯೋ, ಅದರ ಉಪಯೋಗದ ಬಗ್ಗೆಯೋ?

ಎರಡು, ಈ ರೋಗ ಹರಡುವುದು ಹೇಗೆ? ಡೆಂಗಿ ಹರಡುವುದು ಸೊಳ್ಳೆಯಿಂದ, ಅದಕ್ಕೆ ಮಾಸ್ಕ್‌ನಿಂದ ಉಪಯೋಗವಿಲ್ಲ. ಉಸಿರಿನಿಂದ ಹರಡುವ ರೋಗಕ್ಕೆ ಮಾಸ್ಕ್ ಜೊತೆಗೆ ಕಿಟಕಿ ತೆರೆದಿಡುವುದೂ ಮುಖ್ಯ.

ಮೂರು, ಈ ಸಲಹೆ ಯಾವ ದಿನಾಂಕದ್ದು? 2020ರ ಮಾರ್ಚ್‌ನ ವಿಡಿಯೊ ಏಪ್ರಿಲ್‌ಗೇ ಹಳತಾಗಿತ್ತು. ಹೊಸ ರೋಗದ ಬಗ್ಗೆ ಸಲಹೆ ಬದಲಾದರೆ ಅದರ ಜೊತೆ ಕಾರಣ ಕೊಟ್ಟಿದ್ದಾರೆಯೇ ಎಂದು ನೋಡಿ. ಕಾರಣ ಕೊಡದಿದ್ದರೆ ಕೇಳುವ ಹಕ್ಕು ನಮಗಿದೆ.

ಇದಕ್ಕೆ ಹೊಸ ರೋಗವೇ ಬರಬೇಕೆಂದಿಲ್ಲ. ಮನೆಯಲ್ಲಿ ಯಾರಿಗಾದರೂ ನೆಗಡಿ ಕೆಮ್ಮು ಇದ್ದು, ಜೊತೆಗೆ ವಯಸ್ಸಾದವರೋ ಎಳೆ ಮಗುವೋ ಇದ್ದರೆ, ಕೆಮ್ಮುವವರು ಮೂಗು ಬಾಯಿ ಎರಡೂ ಮುಚ್ಚುವಂತೆ ಒಂದು ಸರ್ಜಿಕಲ್ ಮಾಸ್ಕ್ ಹಾಕಿಕೊಂಡರೆ ಒಳ್ಳೆಯದು. ಗದ್ದದ ಕೆಳಗೆ ಇಳಿಬಿಟ್ಟ ಮಾಸ್ಕ್‌ನಿಂದ ಯಾರಿಗೂ ಪ್ರಯೋಜನವಿಲ್ಲ.