ಎರಡು ವಜ್ರಗಳ ನಡುವೆ ಪಾತಾಳ

ಭೂಮಿಯ ಒಡಲಿಗೆ ಮನುಷ್ಯ ಕೊರೆದ ಅತ್ಯಂತ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ: 12,262 ಮೀಟರ್. ಭೂಕೇಂದ್ರ ಇರುವುದು 6,371 ಕಿಲೋಮೀಟರ್ ಕೆಳಗೆ. ಅಲ್ಲಿಯ ಕಲ್ಲು ಕೈಗೆ ಸಿಗುವುದಿಲ್ಲ. ಅಲ್ಲಿಯ ಒತ್ತಡವನ್ನು ಮಾತ್ರ ಪ್ರಯೋಗಶಾಲೆಗೆ ತರಬಹುದು.

ಅದಕ್ಕೆ ಬೇಕಾದ ಸಾಧನ ಅಂಗೈಯಲ್ಲಿ ಹಿಡಿಸುತ್ತದೆ. ಹೆಸರು ಡೈಮಂಡ್ ಆನ್ವಿಲ್ ಸೆಲ್. ಎರಡು ವಜ್ರಗಳ ಮೊನೆಯನ್ನು ಚಪ್ಪಟೆಯಾಗಿ ಉಜ್ಜಿ ಎದುರುಬದುರು ಕೂರಿಸಿರುತ್ತಾರೆ. ನಡುವೆ ರೀನಿಯಂ ಲೋಹದ ತೆಳು ತಗಡು; ಅದರಲ್ಲಿ ಕೂದಲೆಳೆ ದಪ್ಪದ ತೂತು; ತೂತಿನೊಳಗೆ ಪರೀಕ್ಷಿಸಬೇಕಾದ ಕಣ. ಆಮೇಲೆ ತಿರುಪು ಬಿಗಿ ಮಾಡುವುದಷ್ಟೆ. ವಜ್ರದ ತುದಿ ತೀರ ಕಿರಿದು, ಹಾಗಾಗಿ ಸಣ್ಣ ಬಲವೂ ಅಲ್ಲಿ ಅಗಾಧ ಒತ್ತಡವಾಗುತ್ತದೆ. ವಜ್ರ ಪಾರದರ್ಶಕವಾದ್ದರಿಂದ ಲೇಸರ್ ಹಾಯಿಸಿ ಕಣವನ್ನು ಕಾಯಿಸಲೂಬಹುದು. ಈ ವಿದ್ಯೆಯನ್ನು ಬೆಳೆಸಿದ ಪ್ರಮುಖರಲ್ಲಿ ಎ. ಜಯರಾಮನ್ ಒಬ್ಬರು, ಅಮೆರಿಕದ ಬೆಲ್ ಲ್ಯಾಬ್ಸ್ ಸೇರುವ ಮುನ್ನ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಬಳಿ ದುಡಿದವರು.

ಇಷ್ಟು ಚಿಕ್ಕ ಕಣವನ್ನು ನೋಡಲು ಸಾಮಾನ್ಯ ಎಕ್ಸ್-ರೇ ಕೊಳವೆಯ ಕಿರಣ ಸಾಲದು. ಜಪಾನಿನ ಸ್ಪ್ರಿಂಗ್-8 ಸಿಂಕ್ರೊಟ್ರಾನಿನಲ್ಲಿ, 1,436 ಮೀಟರ್ ಸುತ್ತಳತೆಯ ಉಂಗುರದೊಳಗೆ, ಎಲೆಕ್ಟ್ರಾನುಗಳು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುತ್ತವೆ. ಅಯಸ್ಕಾಂತಗಳು ಅವುಗಳ ದಾರಿಯನ್ನು ಬಾಗಿಸಿದಾಗ ಪ್ರಖರವಾದ ಕ್ಷ-ಕಿರಣ ಹೊಮ್ಮುತ್ತದೆ. ಅದನ್ನು ಸೂಜಿಮೊನೆಗಿಂತ ಸಣ್ಣದಾಗಿ ಕೇಂದ್ರೀಕರಿಸಿ ವಜ್ರದ ಮೂಲಕವೇ ಕಣಕ್ಕೆ ಹಾಯಿಸುತ್ತಾರೆ.

ಆಚೆ ಬದಿಯ ಫಲಕದಲ್ಲಿ ಒಂದರೊಳಗೊಂದು ವರ್ತುಲಗಳು ಮೂಡುತ್ತವೆ. ಒತ್ತಡ ಏರಿದಂತೆ ಅವು ಹಿಗ್ಗುತ್ತವೆ. ಪರಮಾಣುಗಳ ಪದರಗಳು ಪರಸ್ಪರ ಹತ್ತಿರ ಸರಿದಷ್ಟೂ ಕಿರಣ ಹೆಚ್ಚು ಬಾಗಿ ಚದುರುವುದೇ ಕಾರಣ. ಹಳೆಯ ವರ್ತುಲ ಮಾಸಿ ಬೇರೆ ಜಾಗದಲ್ಲಿ ಹೊಸದು ಕಂಡರೆ, ಪರಮಾಣುಗಳ ಜೋಡಣೆಯೇ ಬದಲಾಗಿದೆ ಎಂದರ್ಥ.

ಜಪಾನಿನ ವಿಜ್ಞಾನಿಗಳಾದ ಮೊಟೊಹಿಕೊ ಮುರಾಕಮಿ, ಕೆಯಿ ಹಿರೋಸೆ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ್ದು ಅಂಥ ಹೊಸ ವರ್ತುಲಗಳನ್ನೇ. ಸುಮಾರು 2,700 ಕಿಲೋಮೀಟರ್ ಆಳದಲ್ಲಿ ಭೂಕಂಪದ ಅಲೆಗಳು ವಿಚಿತ್ರವಾಗಿ ವರ್ತಿಸುವುದು ಬಹುಕಾಲ ಒಗಟಾಗಿತ್ತು. ಕೆಳಕವಚದ ಮುಖ್ಯ ಖನಿಜವಾದ ಮೆಗ್ನೀಸಿಯಂ ಸಿಲಿಕೇಟನ್ನು ಅಲ್ಲಿಯ ಸ್ಥಿತಿಗೇ, ಅಂದರೆ 125 ಗಿಗಾಪಾಸ್ಕಲ್ ಒತ್ತಡ, 2,500 ಕೆಲ್ವಿನ್ ತಾಪಕ್ಕೆ, ಒಯ್ದಾಗ ಅದು ಪದರಪದರವಾದ ಹೊಸ ರೂಪ ತಾಳಿತು. ಅದಕ್ಕೀಗ ಪೋಸ್ಟ್-ಪೆರೋವ್‌ಸ್ಕೈಟ್ ಎಂದು ಹೆಸರು. ಪದರಗಳಿರುವ ಖನಿಜದಲ್ಲಿ ಅಲೆಯ ವೇಗ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ. ಒಗಟಿನ ದೊಡ್ಡ ಪಾಲು ಅಲ್ಲಿಗೆ ಬಿಡಿಸಿದಂತಾಯಿತು. ಕಣ್ಣಿಗೆ ಕಾಣದ ಕಣವೊಂದು ಇಡೀ ಗ್ರಹದ ಪ್ರಶ್ನೆಗೆ ಉತ್ತರಿಸಿದ ಈ ಪ್ರಯೋಗ ನನ್ನ ಮಟ್ಟಿಗೆ ಭೂವಿಜ್ಞಾನದ ಅತ್ಯಂತ ಸುಂದರ ಪ್ರಯೋಗಗಳಲ್ಲೊಂದು.

2010ರಲ್ಲಿ ಹಿರೋಸೆ ತಂಡ ಕಬ್ಬಿಣವನ್ನು 377 ಗಿಗಾಪಾಸ್ಕಲ್‌ಗೆ ಒಯ್ದಿತು. ಭೂಕೇಂದ್ರದಲ್ಲಿರುವುದು ಸುಮಾರು 364. ಆದರೆ ಬಹುಪಾಲು ಕಬ್ಬಿಣವೇ ಆಗಿರುವ ಭೂಮಿಯ ತಿರುಳು ಶುದ್ಧ ಕಬ್ಬಿಣಕ್ಕಿಂತ ತುಸು ಹಗುರ. ಅದರಲ್ಲಿ ಬೆರೆತಿರುವುದು ಗಂಧಕವೋ, ಸಿಲಿಕಾನೋ, ಆಮ್ಲಜನಕವೋ, ಹೈಡ್ರೋಜನ್ನೋ ಎಂಬುದನ್ನು ಇದೇ ವಿಧಾನದಿಂದ ಇನ್ನೂ ಹುಡುಕುತ್ತಿದ್ದಾರೆ.