ಎದೆಯ ನೋವೋ, ಹೊಟ್ಟೆಯ ಉರಿಯೋ?

ನಮ್ಮ ಮನೆಮಾತಿನಲ್ಲಿ ‘ಗ್ಯಾಸ್ಟ್ರಿಕ್’ ಎಂಬಷ್ಟು ಬಳಕೆಗೆ ಬಂದ ವೈದ್ಯಕೀಯ ಪದ ಮತ್ತೊಂದಿರಲಾರದು. ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್, ಭುಜ ಸೆಳೆದರೂ ಗ್ಯಾಸ್ಟ್ರಿಕ್! ಒಂದು ಲೋಟ ಜೀರಿಗೆ ಕಷಾಯ ಕುಡಿದು ಗೋಡೆಗೊರಗಿ ಕುಳಿತರೆ, ತೇಗು ಬಂದು ಎಲ್ಲವೂ ಸರಿಹೋಗುವುದೆಂದು ಹಿರಿಯರ ನಂಬಿಕೆ. ಅನೇಕ ಬಾರಿ ಆ ನಂಬಿಕೆ ನಿಜವೂ ಆಗುತ್ತದೆ. ಅದು ಸುಳ್ಳಾಗುವ ಒಂದು ಬಾರಿ ಮಾತ್ರ ಪ್ರಾಣವೇ ಪಣಕ್ಕೆ ಬಿದ್ದಿರುತ್ತದೆ.

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯನ್ನು ಕಾಲಭೈರವೇಶ್ವರನ ಕ್ಷೇತ್ರವೆಂದು ಬಲ್ಲವರು ಬಹಳ. ಅದೇ ಸೀಮೆಯ ದೊಡ್ಡರಸಿನಕೆರೆ ಚಿತ್ರನಟ ಅಂಬರೀಶ್ ಅವರ ಹುಟ್ಟೂರು. 2018ರ ನವೆಂಬರ್ 24ರಂದು ಅವರು ಬೆಂಗಳೂರಿನಲ್ಲಿ ಹೃದಯಸ್ತಂಭನದಿಂದ ನಿಧನರಾದಾಗ ಮಂಡ್ಯದ ಸೀಮೆಯೇ ದುಃಖದಲ್ಲಿ ಮುಳುಗಿತು. 2021ರ ಅಕ್ಟೋಬರ್ 29ರಂದು 46ರ ವಯಸ್ಸಿನ ಪುನೀತ್ ರಾಜ್‌ಕುಮಾರ್ ಹಠಾತ್ತನೆ ಅಗಲಿದರು. ದುಃಖದೊಡನೆ ಭೀತಿಯೂ ಮನೆಮನೆಯನ್ನು ಹೊಕ್ಕಿತು.

2025ರ ಮೇ–ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಸಾಲಾಗಿ ಬಂದುವು. ಮೈಸೂರಿನ ಜಯದೇವ ಆಸ್ಪತ್ರೆಯ ಬಾಗಿಲಲ್ಲಿ ಜನ ನೆರೆದರು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 4ಕ್ಕೆ ಹೃದಯ ಕಾರಣವಲ್ಲವೆಂದು ತಿಳಿಸಿತು. ಒಂದೆಡೆ ಅತಿಯಾದ ಉದಾಸೀನ, ಮತ್ತೊಂದೆಡೆ ಅತಿಯಾದ ದಿಗಿಲು. ಎರಡರ ಬೇರೂ ಅಜ್ಞಾನವೇ.

ಆಘಾತ ಬೇರೆ, ಸ್ತಂಭನ ಬೇರೆ

ಹೃದಯದ ಸ್ನಾಯುವಿಗೆ ರಕ್ತವನ್ನು ಒಯ್ಯುವ ನಾಳವೊಂದರಲ್ಲಿ ಹೆಪ್ಪುಗಟ್ಟಿ ಹರಿವು ನಿಂತರೆ ಅದು ಹೃದಯಾಘಾತ. ರೋಗಿಗೆ ಎಚ್ಚರವಿರುತ್ತದೆ, ಮಾತನಾಡುತ್ತಾನೆ. ಆದರೆ ಒಳಗೆ ಸ್ನಾಯು ಕ್ಷಣಕ್ಷಣಕ್ಕೂ ಸಾಯುತ್ತಿರುತ್ತದೆ. ಹೃದಯದ ಬಡಿತವೇ ನಿಂತು ಮನುಷ್ಯ ಕುಸಿದು ಬಿದ್ದರೆ ಅದು ಹೃದಯಸ್ತಂಭನ. ಮೊದಲನೆಯದು ಎರಡನೆಯದಕ್ಕೆ ದಾರಿಯಾಗಬಹುದು. ಆ ದಾರಿಯ ನಡುವೆ ದೊರೆಯುವ ಸಮಯವೇ ರೋಗಿಯ ಭಾಗ್ಯ.

ಆಘಾತದ ಲಕ್ಷಣಗಳು

ಹೃದಯದ ನೋವು ಬೆರಳಿನಿಂದ ತೋರಿಸುವಂಥದಲ್ಲ. ರೋಗಿ ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಇಟ್ಟು, ‘ಕಲ್ಲು ಹೇರಿದಂತಿದೆ, ಹಿಂಡಿದಂತಾಗುತ್ತಿದೆ’ ಎನ್ನುತ್ತಾನೆ. ಆ ಭಾರ ಎಡತೋಳಿಗೆ, ಕೆಲವೊಮ್ಮೆ ಎರಡೂ ತೋಳುಗಳಿಗೆ, ಕತ್ತು, ದವಡೆ, ಬೆನ್ನಿಗೆ ಹರಿಯುತ್ತದೆ. ತಣ್ಣನೆಯ ಬೆವರು, ಏದುಸಿರು, ವಾಕರಿಕೆ, ತಲೆಸುತ್ತು ಜೊತೆಗೂಡುತ್ತವೆ. ನಡೆದಾಗ ಬಂದು, ನಿಂತರೆ ಕೆಲವೇ ನಿಮಿಷಗಳಲ್ಲಿ ಇಳಿಯುವ ನೋವು ನಾಳ ಕಿರಿದಾಗಿರುವುದರ ಮುನ್ಸೂಚನೆ. ವಿಶ್ರಾಂತಿಗೂ ಜಗ್ಗದೆ ಮುಂದುವರಿಯುವುದು ಆಘಾತದ ಸೂಚನೆ.

ವೇಷ ಹಾಕುವ ನೋವುಗಳು

ಹೊಟ್ಟೆಯ ಆಮ್ಲ ಮೇಲೇರಿದರೆ ಉರಿ ಹೆಚ್ಚು. ಊಟವಾಗಿ ಮಲಗಿದಾಗ ಅದು ಏರುತ್ತದೆ. ಬಾಯಿಗೆ ಹುಳಿನೀರು ಬರುತ್ತದೆ. ಎದೆಗೂಡಿನ ಸ್ನಾಯು ಅಥವಾ ಮೃದ್ವಸ್ಥಿಯ ನೋವು ಬೆರಳೊತ್ತಿದೆಡೆಯಲ್ಲೇ ಮರುಕಳಿಸುತ್ತದೆ. ತೋಳು ಹೊರಳಿಸಿದರೆ ಚುಚ್ಚುತ್ತದೆ. ಶ್ವಾಸಕೋಶದ ಪೊರೆ ಊದಿಕೊಂಡರೆ ಉಸಿರೆಳೆದಾಗ, ಕೆಮ್ಮಿದಾಗ ಇರಿದಂತಾಗುತ್ತದೆ. ಪಿತ್ತಕೋಶದ ಕಲ್ಲಿನ ನೋವು ಜಿಡ್ಡಿನ ಊಟದ ಮೇಲೆ ಬಲಪಕ್ಕೆಯಲ್ಲಿ ಕಾಣಿಸಿಕೊಂಡು ಬಲಭುಜಕ್ಕೆ ಹಾಯಬಹುದು. ಒಂದೇ ಪಕ್ಕದಲ್ಲಿ ಉರಿದು, ದಿನಗಳ ಮೇಲೆ ಗುಳ್ಳೆ ಮೂಡಿದರೆ ಸರ್ಪಸುತ್ತು. ಮನಸ್ಸಿನ ದಿಗಿಲಿನಲ್ಲಿಯೂ ಎದೆ ಹೊಡೆದುಕೊಂಡು ಬೆರಳುಗಳು ಜುಮುಗುಟ್ಟುತ್ತವೆ. ಎಲ್ಲವೂ ನಿರಪಾಯವಲ್ಲ: ಬೆನ್ನಿನವರೆಗೂ ಸೀಳಿದಂಥ ನೋವು ಮಹಾಧಮನಿಯ ಒಡಕಾಗಿರಬಹುದು, ಹಠಾತ್ತಾದ ಏದುಸಿರು ಶ್ವಾಸಕೋಶಕ್ಕೆ ಸೇರಿದ ಹೆಪ್ಪಾಗಿರಬಹುದು.

ಲಕ್ಷಣಗಳು ಸೋಲುವ ಕಡೆ

ಇಷ್ಟನ್ನು ಕಂಠಪಾಠ ಮಾಡಿದವನೂ ಮೋಸಹೋಗಬಹುದು. ಸಕ್ಕರೆ ಕಾಯಿಲೆಯವರಲ್ಲಿ ನರಗಳು ಮಂದವಾಗಿ ನೋವೇ ತಿಳಿಯದಿರಬಹುದು. ಎದೆನೋವಿಲ್ಲದ ಆಯಾಸ, ಏದುಸಿರು, ವಾಕರಿಕೆಗಳೇ ವೃದ್ಧರಲ್ಲಿ ಆಘಾತದ ರೂಪ ತಾಳುವುದುಂಟು. ಸ್ತ್ರೀಯರಲ್ಲಿಯೂ ಇದು ಪುರುಷರಿಗಿಂತ ಹೆಚ್ಚು. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಕೂರುವ ಗೃಹಿಣಿ ತನ್ನ ಸುಸ್ತನ್ನು ಯಾರಿಗೂ ಹೇಳುವುದಿಲ್ಲ. ಆಮ್ಲ ತಗ್ಗಿಸುವ ಔಷಧದಿಂದ ನೋವಿಳಿಯಿತೆಂಬುದೂ ಹೃದಯ ಸರಿಯಾಗಿದೆಯೆಂಬುದಕ್ಕೆ ಸಾಕ್ಷಿಯಲ್ಲ.

ವೈದ್ಯರೇ ಒಂದು ಕಾಲಕ್ಕೆ ಇಲ್ಲಿ ಎಡವಿದ್ದರು. ಅಮೆರಿಕದ ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ 1912ರಲ್ಲಿ ಹೃದಯದ ನಾಳದ ಹೆಪ್ಪಿನ ಲಕ್ಷಣಗಳನ್ನು ವಿವರಿಸುವ ಮೊದಲು, ಇಂಥ ಎಷ್ಟೋ ಸಾವುಗಳಿಗೆ ಅಜೀರ್ಣವೆಂದೇ ಹೆಸರು ಬೀಳುತ್ತಿತ್ತು.

ಇಂದು ನಿರ್ಣಯಕ್ಕೆ ಸಾಧನಗಳಿವೆ. ಹೃದಯದ ವಿದ್ಯುತ್ತಿನ ಅಲೆಯನ್ನು ಕಾಗದದ ಮೇಲೆ ಬರೆಯುವ ಇ.ಸಿ.ಜಿ. ಕೆಲವೇ ನಿಮಿಷಗಳ ಕೆಲಸ. ಮೊದಲ ಬಾರಿ ಸರಿಯಾಗಿ ಕಂಡರೂ ವೈದ್ಯರು ಮತ್ತೆ ತೆಗೆಯುವುದುಂಟು. ಗಾಯಗೊಂಡ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ವಸ್ತು ಹೆಚ್ಚಲು ಕೆಲವು ಗಂಟೆಗಳು ಬೇಕಾಗಬಹುದಾದ್ದರಿಂದ ಆ ಪರೀಕ್ಷೆಯನ್ನೂ ಪುನಃ ಮಾಡುತ್ತಾರೆ.

ಹಳ್ಳಿಯಿಂದ ಆಸ್ಪತ್ರೆಗೆ

ಚಿಕ್ಕರಸಿನಕೆರೆಯಂಥ ಊರಿನಲ್ಲಿ ತಂದೆತಾಯಿಗಳನ್ನಿರಿಸಿ ಬೆಂಗಳೂರಿನಲ್ಲಿ ಸಂಸಾರ ಹೂಡಿರುವವರು ಅಸಂಖ್ಯ. ನಡುರಾತ್ರಿ, ‘ಅಪ್ಪಯ್ಯನಿಗೆ ಎದೆ ಹಿಡಿದಂತಿದೆ’ ಎಂಬ ಕರೆ ಬಂದರೆ, ‘ಬೆಳಗಾಗಲಿ, ಬರುತ್ತೇನೆ’ ಎನ್ನುವುದು ಸಲ್ಲದು. ಕೂಡಲೇ 108ಕ್ಕೆ ಕರೆಮಾಡಿಸಬೇಕು. ರೋಗಿಯನ್ನು ನಡೆಸಬಾರದು, ತಾನೇ ವಾಹನ ನಡೆಸಲು ಬಿಡಬಾರದು. ಆಸ್ಪಿರಿನ್ ಒಗ್ಗದವರು, ರಕ್ತಸ್ರಾವದ ತೊಂದರೆಯಿರುವವರು ಹೊರತಾಗಿ ಉಳಿದವರಿಗೆ, ವೈದ್ಯರ ಸಲಹೆ ಪಡೆದು 300 ಮಿಲಿಗ್ರಾಂ ಆಸ್ಪಿರಿನ್ ಅಗಿಯಲು ಕೊಡಬಹುದು. ರೋಗಿ ಕುಸಿದು ಉಸಿರು ನಿಂತರೆ ಎದೆಯ ನಡುವೆ ಎರಡೂ ಕೈಯೂರಿ, ನಿಮಿಷಕ್ಕೆ 100ರಿಂದ 120ರಂತೆ, 5 ಸೆಂಟಿಮೀಟರಿನಷ್ಟು ಆಳಕ್ಕೆ, ನೆರವು ಬರುವವರೆಗೂ ಒತ್ತುತ್ತಿರಬೇಕು.

ಪುನೀತ್ ಅವರ ಹೆಸರಿನಲ್ಲಿ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಗಳಿಂದ ಇ.ಸಿ.ಜಿ.ಯನ್ನು ದೂರದ ತಜ್ಞರಿಗೆ ಕಳುಹಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಮೊದಲ ಗಂಟೆಯಲ್ಲಿ ಕೊಟ್ಟ ಚಿಕಿತ್ಸೆಯ ಫಲವೇ ಬೇರೆ.

ಆದ್ದರಿಂದ ಲಕ್ಷಣಗಳ ತಿಳಿವಳಿಕೆ ಆಸ್ಪತ್ರೆಗೆ ಹೊರಡಲು ನೆರವಾಗಬೇಕೇ ವಿನಾ ಮನೆಯಲ್ಲಿ ಉಳಿಯಲು ನೆಪವಾಗಬಾರದು. ಪರೀಕ್ಷೆಯಾಗಿ ‘ಬರಿಯ ಗ್ಯಾಸ್ಟ್ರಿಕ್’ ಎಂದು ವೈದ್ಯರೇ ಹೇಳಿದರೆ ನಷ್ಟವಾಗುವುದು ಒಂದು ರಾತ್ರಿಯ ನಿದ್ದೆ ಮಾತ್ರ. ಆ ಮಾತನ್ನು ಕೇಳಿ ನಗುತ್ತ ಮನೆಗೆ ಮರಳಿದವರು ಪುಣ್ಯವಂತರು.